ಚಕ್ರದ ಹಡಗು ಹೊರಟ ಬೆಳಿಗ್ಗೆ

ತೆಂಗಿನಕಾಯಿ ಒಡೆದ ಕೂಡಲೇ ಆ ಹಳೆಯ ಹಬೆ ಹಡಗು ಸರೋವರದ ಮೇಲೆ ಹೊರಟಿತೆಂದು ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ದೇವಸ್ಥಾನದಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಅಲ್ಲಿದ್ದೆ.

ಅದನ್ನು ದುರಸ್ತಿ ಮಾಡಿಸಿದವರು ನನ್ನ ನೆರೆಮನೆಯವರು, ಅಲ್ಲಿನ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಇಂಜಿನಿಯರು. ಮಾತಿನ ನಡುವೆಯೂ ಮೇಜನ್ನೋ ಕಂಬವನ್ನೋ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದರು. “ತಾಳಿ, ಅದೇ ಹೇಳುತ್ತೆ” ಎನ್ನುತ್ತಿದ್ದರು.

ಅಂದು ಪ್ರಯಾಣಿಕರು ದಡದಲ್ಲಿ ಕಾದಿದ್ದರು. ಹಡಗು ಹೊರಡದಿದ್ದರೆ ಅದನ್ನು ಅಲ್ಲೇ ಕಟ್ಟಿಹಾಕಿ ಹೋಟೆಲು ಮಾಡುವುದೆಂದು ಮಾಲೀಕರು ನಿರ್ಧರಿಸಿದ್ದರು. ಕಾಯಿ ಒಡೆಯಿತು, ಹಬೆ ಏರಿತು. ನೀರು ತುಳಿಯುವ ದೊಡ್ಡ ಚಕ್ರ ಮಾತ್ರ ಅಲುಗಲಿಲ್ಲ.

ಇಂಜಿನಿಯರು ಚಕ್ರವನ್ನು ಮುಚ್ಚಿದ ಮರದ ಗೂಡನ್ನು ತಟ್ಟಿದರು, ಮತ್ತೆ ತಟ್ಟಿದರು, ಆಮೇಲೆ ನಕ್ಕರು. ಗೂಡಿನ ಹೊಸ ಹಲಗೆಗಳನ್ನು ಸಂದಿಲ್ಲದಂತೆ ಜೋಡಿಸಿದ್ದರು. ಹಿಂದಿನ ದಿನದ ಪರೀಕ್ಷೆಯಲ್ಲಿ ನೆನೆದು ಉಬ್ಬಿ ಅವು ಚಕ್ರವನ್ನು ಒತ್ತಿ ಹಿಡಿದಿದ್ದವು.

“ಜೀವಮಾನವೆಲ್ಲ ಕಬ್ಬಿಣ ನೋಡಿದವನು ನಾನು. ಮರಕ್ಕೆ ಬಾಯಾರಿಕೆ ಇರುತ್ತೆ ಅನ್ನೋದೇ ಮರೆತುಹೋಯಿತು.”

“ಮಳೆ ಬಂದಾಗಲೆಲ್ಲ ನಮ್ಮ ಬಚ್ಚಲ ಬಾಗಿಲನ್ನ ಒದ್ದು ತೆಗೀತೀರಲ್ಲ, ಅದೂ ಮರೆತುಹೋಯಿತೇ?” ಎಂದರು ಅವರ ಹೆಂಡತಿ.

ಉಬ್ಬಿದ ಹಲಗೆಗಳನ್ನು ಕಿತ್ತರು. ಚಕ್ರ ತಿರುಗಿತು, ಜನ ಹತ್ತಿದರು, ದಡ ಹಿಂದೆ ಸರಿಯಿತು.

ನಡುನೀರಿನಲ್ಲಿ ಅಭಿನಂದಿಸಲೆಂದು ಹುಡುಕಿದರೆ, ಎಂಜಿನ್ನಿನ ಅಷ್ಟು ಸದ್ದಿನಲ್ಲೂ ಅವರು ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು.

“ಎಬ್ಬಿಸಬೇಡಿ,” ಎಂದರು ಅವರ ಹೆಂಡತಿ. “ಎಷ್ಟೋ ತಿಂಗಳಿಂದ ಹೀಗೆ ಮಲಗಿರಲಿಲ್ಲ.”

ನಾನು ಅವರ ಕಾಲ ಬಳಿ ಕುಳಿತು, ಅವರ ಪಾಲಿನ ಸರೋವರವನ್ನೂ ಸೇರಿಸಿ ನೋಡಿದೆ.