ಎಲೆಯಿಂದ ತೆಗೆದ ಒಬ್ಬಟ್ಟು

ನನ್ನ ಬಾಯಿ ಜೋರು. ಗಂಡ ಅದನ್ನು ನಗುತ್ತಲೇ ಸಹಿಸಿಕೊಂಡು ಬಂದವರು. ಎರಡು ವರ್ಷದ ಹಿಂದೆ ಅವರ ಹೊಟ್ಟೆ ಮುಂದೆ ಬರತೊಡಗಿದಾಗ ನಾನು ಸುಮ್ಮನಿರಲಿಲ್ಲ. ನಾವಿರುವ ಈ ತಮಿಳು ಊರಿನ ಗಿಂಡಿ ಬಡಾವಣೆಯ ಆಫೀಸಿನಿಂದ ಬಂದವರೇ ಕೈಕಾಲು ತೊಳೆಯುವ ಮೊದಲು ಕೋಡುಬಳೆ ಡಬ್ಬಕ್ಕೆ ಕೈ ಹಾಕುತ್ತಿದ್ದರು. "ಏನ್ರೀ ಇದು, ಹೊಟ್ಟೆನೋ ಕಾಳು ತುಂಬೋ ಹಗೇವೋ?" ಎಂದು ಡಬ್ಬವನ್ನು ಅಟ್ಟದ ಮೇಲಿಟ್ಟೆ. ಅವರು ನಗಲಿಲ್ಲ. ಅದನ್ನಾದರೂ ಗಮನಿಸಬೇಕಿತ್ತು.

ಆ ಯುಗಾದಿಗೆ ಮನೆ ತುಂಬ ನೆಂಟರು. ಎಲೆಗೆ ಬಡಿಸಿದ್ದನ್ನು ವಾಪಸು ತೆಗೆಯಬಾರದೆಂದು ಅತ್ತೆ ನನಗೆ ಕಲಿಸಿದ್ದರು. ಆದರೂ, ನನ್ನ ತಂಗಿ ಇವರ ಎಲೆಗೆ ಎರಡನೇ ಒಬ್ಬಟ್ಟು ಹಾಕಿದ್ದೇ ತಡ, ಎಲ್ಲರೆದುರು ಅದನ್ನು ಎತ್ತಿಬಿಟ್ಟೆ. "ಸಾಕು, ಷರ್ಟಿನ ಗುಂಡಿ ಕಿತ್ಕೊಂಡ್ ಬರುತ್ತೆ." ನೆಂಟರು ನಕ್ಕರು. ಇಲ್ಲೇ ಬೆಳೆದ ಮಗಳು ಮಾತ್ರ ತಮಿಳಿನಲ್ಲಿ, "ಪಾವಂ ಅಪ್ಪಾ" ಎಂದಳು, ಪಾಪ ಅಪ್ಪ ಅಂತ. ಅವರು ತಲೆ ತಗ್ಗಿಸಿ ಮಜ್ಜಿಗೆ ಅನ್ನ ಕಲಸಿಕೊಂಡರು.

ಮುಂದಿನ ತಿಂಗಳು ಬಿಪಿ ಏರಿ ಅವರಿಗೆ ತಲೆ ಸುತ್ತಿತು. ಡಾಕ್ಟರಮ್ಮನ ಎದುರೂ ನಾನು ತಿನ್ನುವುದರ ದೂರೇ ಹೇಳತೊಡಗಿದೆ. ಆಕೆ ನನ್ನನ್ನು ತಡೆದು ಅವರನ್ನೇ ಕೇಳಿದರು: "ಆಫೀಸ್‌ಲ ಟೆನ್ಷನಾ ಸಾರ್?"

ಅಷ್ಟಕ್ಕೇ ನನ್ನ ಗಂಡನ ಕಣ್ಣು ತುಂಬಿತು. ಅವರ ವಿಭಾಗದಲ್ಲಿ ಒಬ್ಬೊಬ್ಬರನ್ನೇ ಕೆಲಸದಿಂದ ತೆಗೆಯುತ್ತಿದ್ದರಂತೆ. ಎಂಟು ತಿಂಗಳಿಂದ ದಿನವೂ, ಇವತ್ತು ನನ್ನ ಸರದಿಯೇನೋ ಎಂದು ಹೆದರುತ್ತಲೇ ಹೋಗುತ್ತಿದ್ದರಂತೆ. ಭಯ ಹೀಗೆ ತಿಂಗಳುಗಟ್ಟಲೆ ಕಾಡಿದರೆ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿಯೇ ಇರಬಹುದು, ಅದು ಸಿಹಿಗೆ, ಕರಿದ ತಿಂಡಿಗೆ ಆಸೆ ಹುಟ್ಟಿಸುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರಿಸುತ್ತದೆ, ಬರೀ ಬಾಯಿಚಪಲ ಎಂದುಕೊಳ್ಳಬೇಡಿ ಎಂದರು ಡಾಕ್ಟರಮ್ಮ. ಅಯ್ಯೋ, ಎಷ್ಟು ತಿಂದಿರಿ ಎಂದು ಕೇಳಿದ್ದೆನೇ ಹೊರತು ಏನಾಯಿತು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

"ನನ್ಹತ್ರ ಯಾಕ್ರೀ ಹೇಳ್ಲಿಲ್ಲ?" ಎಂದು ಆಟೋದಲ್ಲಿ ಕೇಳಿದೆ.

"ಹೇಳೋಣ ಅಂತಾನೇ ಬರ್ತಿದ್ದೆ ಕಣೇ. ಅಷ್ಟ್ರಲ್ಲಿ ನೀನು ಶುರು ಮಾಡ್ಕೋತಿದ್ದೆ."

ಕೆಲಸ ಉಳಿಯಿತು. ಬಿಪಿ ಹತೋಟಿಗೆ ಬಂತು, ಹೊಟ್ಟೆಯೂ ಸ್ವಲ್ಪ ಇಳಿದಿದೆ. ಕೋಡುಬಳೆ ಡಬ್ಬವನ್ನು ನಾನೇ ಅಟ್ಟದಿಂದ ಇಳಿಸಿ ಊಟದ ಮೇಜಿನ ಮೇಲಿಟ್ಟಿದ್ದೇನೆ. ಅವರು ಅದನ್ನು ಮುಟ್ಟುವುದಿಲ್ಲ.

ಈ ಯುಗಾದಿಗೆ ಒಬ್ಬಟ್ಟು ಬಡಿಸಿದವಳು ನಾನೇ. ಒಂದು ಹಾಕಿ, ಇನ್ನೊಂದನ್ನು ಎತ್ತಿಕೊಂಡು, "ಹಾಕಿಸ್ಕೊಳ್ರೀ, ನಾನೇ ಹೇಳ್ತಿದೀನಲ್ಲ" ಎಂದು ಬಗ್ಗಿದೆ. ಅವರು ಬೇಡವೆಂದು ತಲೆಯಾಡಿಸಿದರು. ಎಲೆಯಲ್ಲಿದ್ದ ಆ ಒಂದನ್ನೂ, ನಾನು ದೂರ ಹೋಗುವವರೆಗೆ, ಎಲ್ಲಿ ಎತ್ತಿಬಿಡುತ್ತೇನೋ ಎಂಬಂತೆ ಎಡಗೈ ಅಡ್ಡ ಹಿಡಿದುಕೊಂಡೇ ತಿಂದರು.