ಪೂವಪ್ಪನ ಪೊಟ್ಟಣ

ಪೂವಪ್ಪ ಗಲ್ಫಿನ ವಾದಿ ಅದಾಯ್‌ ಎಂಬ ಊರಿನ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷ ಕಾರುಗಳಿಗೆ ಬಣ್ಣ ಹೊಡೆದ. ರಜೆಯಲ್ಲಿ ಊರಿಗೆ ಹೊರಟವರ ಕೈಗೆ, ಬಣ್ಣದ ಕೆಲಸದ ಕಾಗದದ ಟೇಪು ಸುತ್ತಿದ ಪೊಟ್ಟಣವೊಂದನ್ನು ಕೊಡುತ್ತಿದ್ದ.

"ಇದರಲ್ಲಿ ಏನುಂಟು?" ಎಂದು ನಾನೂ ಕೇಳಿದ್ದೆ.

"ಚಿನ್ನ ಅಲ್ಲ ಮಾರಾಯ, ಮಕ್ಕಳ ಗುಟ್ಟು. ನಮ್ಮೂರ ಶಾಲೆಗೆ ಮುಟ್ಟಿಸಿದರೆ ಸಾಕು."

ಬೇರೆಯವರ ಸಾಮಾನು ಹೊತ್ತು ಜೈಲು ಸೇರಿದವರ ಕತೆ ನಮಗೆಲ್ಲ ಗೊತ್ತಿತ್ತು. ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಪೊಟ್ಟಣ ಬಿಚ್ಚಿದೆ. ಒಳಗಿದ್ದದ್ದು ಇಲ್ಲಿನ ನಮ್ಮ ಮಕ್ಕಳು ಊರ ಶಾಲೆಯ ಮಕ್ಕಳಿಗೆ ಸೊಟ್ಟ ಅಕ್ಷರದ ಕನ್ನಡದಲ್ಲಿ ಬರೆದ ಕಾಗದಗಳು. ನನ್ನ ಮಗಳು ಯಶ್ಮಿತಾಳದ್ದೂ ಇತ್ತು. ಅಂಗಡಿಯಲ್ಲಿ ಸಿಕ್ಕ ಬೇರೆ ಟೇಪು ಅಂಟಿಸಿ ತಲುಪಿಸಿದೆ. ಪೊಟ್ಟಣ ಬಂತೆಂದು ಟೀಚರು ಅದರ ಫೋಟೋವನ್ನೇ ಪೂವಪ್ಪನಿಗೆ ಕಳಿಸಿದರು.

ಟೇಪು ಬದಲಾದದ್ದು ಅವನ ಕಣ್ಣಿಗೆ ಬಿದ್ದಿರಬೇಕು. ಮುಂದಿನ ರಜೆಗೆ ಟೇಪಿಲ್ಲದ ಪೊಟ್ಟಣ ನನ್ನ ಮುಂದಿಟ್ಟು, "ಬಿಚ್ಚಲಿಕ್ಕೆ ಸುಲಭ ಆಗ್ಲಿ" ಎಂದು ನಕ್ಕ. ನಾನು ತಪ್ಪಾಯಿತು ಎನ್ನಲಿಲ್ಲ.

ಕಳೆದ ತಿಂಗಳು ಅವನು ಹೃದಯಾಘಾತದಿಂದ ತೀರಿಕೊಂಡ. ಈಗ ಕಾಗದ ಒಟ್ಟುಮಾಡುವವನು ನಾನು. ನಿನ್ನೆ ಊರಿಗೆ ಹೊರಟ ಕಿಶೋರ್ ಪೊಟ್ಟಣವನ್ನು ತಿರುಗಿಸಿ ನೋಡಿ, "ಒಳಗೆ ಏನುಂಟು ಅಣ್ಣ?" ಎಂದ.

ಟೇಪು ಹಾಕಿರಲಿಲ್ಲ. ಅವನು ಒಂದೊಂದೇ ಕಾಗದ ತೆಗೆದು ಓದಿ ಮುಗಿಸುವವರೆಗೆ ಕಾದು ನಿಂತೆ.