ಹೊರಗೆ ಕುಳಿತವಳು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಗುತ್ತಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾನಲ್ಲ. ಕುಕನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆದರೂ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಚಿಕ್ಕಂದಿನಲ್ಲಿ ನನಗೆ ರಕ್ತದ ಕ್ಯಾನ್ಸರ್ ಆಗಿತ್ತು. ಔಷಧಿಯೇನೋ ಜೀವ ಉಳಿಸಿತು. ಆದರೆ ಮದುವೆಯಾಗಿ, ಮೂವತ್ತು ತುಂಬುವ ಮೊದಲೇ ಮುಟ್ಟು ನಿಂತುಹೋಯಿತು. ಅದೇ ಔಷಧಿ ಕೊಟ್ಟರೂ ಕೆಲವರ ಅಂಡಾಶಯ ತಡೆದುಕೊಳ್ಳುತ್ತದೆ, ಕೆಲವರದು ಬೇಗ ಬತ್ತುತ್ತದೆ, ಹುಟ್ಟಿನಿಂದ ಬಂದ ವಂಶವಾಹಿಗಳ ಪಾತ್ರವೂ ಅದರಲ್ಲಿರಬಹುದು ಎಂದು ಕೊಪ್ಪಳದ ಡಾಕ್ಟರಮ್ಮ ಬಿಡಿಸಿ ಹೇಳಿದರು. "ನಿಮ್ಮ ತಾಯಿಗೆ, ಅಜ್ಜಿಗೆ ಯಾವ ವಯಸ್ಸಿಗೆ ನಿಂತಿತ್ತು, ಕೇಳ್ಕೊಂಡು ಬರ್ರಿ" ಎಂದರು.

ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅವ್ವನ ತಾಯಿಯನ್ನು ನಾನು ಕಂಡೇ ಇಲ್ಲ, ನಾನು ಹುಟ್ಟುವ ಮೊದಲೇ ಹೋಗಿದ್ದಳು. ಆದರೆ ನನಗೆ ಮಗು ಬೇಕಿತ್ತು. ಸತ್ತವರ ಮುಟ್ಟಿನ ಸುದ್ದಿ ಕೇಳಲು ಅಜ್ಜಿಯ ಊರು ಹನುಮಸಾಗರದ ಬಸ್ಸು ಹತ್ತುವಷ್ಟು ಬೇಕಿತ್ತು.

ಅಲ್ಲಿ ಅಜ್ಜಿಯ ವಾರಗಿತ್ತಿ ಬಸವ್ವ ಒಬ್ಬಳೇ ಉಳಿದಿದ್ದಳು. ಕಣ್ಣು ಮಂಜು, ನೆನಪೂ ಮಂಜು. ಪಡಸಾಲೆಯಲ್ಲಿ ಗಂಡಸರಿದ್ದರು. ಅವರೆದುರು ಮುಟ್ಟು ಎನ್ನುವಂತಿಲ್ಲವಲ್ಲ, ನಮ್ಮ ಹೆಂಗಸರ ಮರೆಮಾತಿನಲ್ಲೇ ಕೇಳಿದೆ.

"ಆಯಿ, ನಮ್ಮವ್ವನ ಅವ್ವ ಹೊರಗ ಕುಂಡ್ರೋದು ಯಾವಾಗ ಬಿಟ್ಟಳು?"

"ಬಿಟ್ಟಾಳಂತ ಯಾರು ಹೇಳ್ಯಾರ? ಅಲ್ಲೇ ಕುಂತಾಳ, ನೋಡವ್ವ."

ನಾನೊಂದು ಕೇಳಿದರೆ ಮುದುಕಿ ಇನ್ನೊಂದು ಹೇಳುತ್ತಾಳೆ ಎಂದು ನಗುತ್ತಲೇ ಅವಳು ತೋರಿಸಿದ ಕಡೆ ತಿರುಗಿದೆ. ಬಾಗಿಲಾಚೆ ಕಟ್ಟೆಯ ಮೇಲೆ ಒಬ್ಬಳು ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಹಸಿರು ಇಳಕಲ್ ಸೀರೆ. ಎರೆದುಕೊಂಡ ಕೂದಲನ್ನು ಬಿಚ್ಚಿ ಸಂಜೆಬಿಸಿಲಿಗೆ ಹರಡಿದ್ದಳು. ಕೂದಲ ತುದಿಯಿಂದ ನೀರು ನಿಧಾನವಾಗಿ ತೊಟ್ಟಿಕ್ಕುತ್ತಿತ್ತು. ಹೆದರಿಕೆ ಎನ್ನುವುದು ನನ್ನ ಹತ್ತಿರ ಸುಳಿಯಲಿಲ್ಲ. ಯಾರದೋ ತೊಡೆಯ ಮೇಲೆ ತಲೆಯಿಟ್ಟು ಮಲಗಿದಂತೆ ಕಣ್ಣು ಎಳೆಯುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಹೊಸ್ತಿಲು ದಾಟಿದಾಗ ಕಟ್ಟೆ ಖಾಲಿಯಿತ್ತು, ಕಲ್ಲು ಒದ್ದೆಯಿತ್ತು. ಯಾರೋ ನೀರು ಚೆಲ್ಲಿರಬಹುದು ಅಂದುಕೊಂಡೆ.

"ಎದ್ದು ಹೋದಳೇನು? ನೀನೂ ಸ್ವಲ್ಪ ಕುಂಡ್ರು" ಎಂದಳು ಬಸವ್ವ ಒಳಗಿನಿಂದ. ಅದೇನು ಮನಸ್ಸೋ, ಆ ಒದ್ದೆ ಕಲ್ಲಿನ ಮೇಲೇ ಕುಳಿತೆ.

ಮರುದಿನ ಕುಕನೂರಿನಲ್ಲಿ ನನಗೆ ಮುಟ್ಟಾಯಿತು. ಬಚ್ಚಲಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಕೆಲವು ತಿಂಗಳು ಸರಿಯಾಗಿ ಬಂದು ಮತ್ತೆ ನಿಂತಾಗ, ಇನ್ನು ಮುಗಿಯಿತು ಎಂದು ಎದೆ ಒಡೆದುಕೊಂಡು ಆಸ್ಪತ್ರೆಗೆ ಓಡಿದೆ. ಬಸಿರಾಗಿದ್ದೆ.

ಇಂಥ ಅಂಡಾಶಯ ಕೆಲವೊಮ್ಮೆ ತಾನಾಗಿಯೇ ಎಚ್ಚರಗೊಳ್ಳುತ್ತದೆ ಎನ್ನುತ್ತಾರೆ ಡಾಕ್ಟರಮ್ಮ. ಒಪ್ಪುತ್ತೇನೆ. ಮಕ್ಕಳಿಗೂ ಹಾಗೆಯೇ ಪಾಠ ಹೇಳುತ್ತೇನೆ.

ಮಗಳಿಗೆ ಈಗ ಮಾತು ಬಂದಿದೆ. ಯಾರ ಹೋಲಿಕೆ ಎಂದು ಬಂದವರೆಲ್ಲ ಕೇಳುತ್ತಾರೆ. ನನ್ನದಲ್ಲ, ನಮ್ಮ ಯಜಮಾನರದೂ ಅಲ್ಲ. ಅವಳು ಮಲಗಿದಾಗ ಆ ಮುಖವನ್ನೇ ನೋಡುತ್ತ ಕೂಡುತ್ತೇನೆ. ಏನು ಮಾಡಲಿ, ಆ ಸಂಜೆ ಕಟ್ಟೆಯ ಮೇಲಿದ್ದ ಆಕೆ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.